ದುದ್ದದ ರಸ್ತೆಗೆ ನಾಯಿ ನೋಡಲು ಹೋದದ್ದು

ಹಿಂದಿನ ಬೀದಿಯಲ್ಲಿ ಕಳ್ಳತನವಾಗಿ ಎಂಟು ದಿನ.
ಹೋದದ್ದು ಎರಡು ಬಳೆ, ಒಂದು ಗ್ಯಾಸ್ ಸಿಲಿಂಡರ್,
ಮತ್ತೆ ಇಡೀ ಬಡಾವಣೆಯ ನಿದ್ದೆ.

ಇವರು ಸಂಜೆ ಡೈರಿ ಟ್ಯಾಂಕರು ಹತ್ತಿದರೆ ಇಳಿಯುವುದು ಬೆಳಗ್ಗೆ,
ಇಳಿದರೆ ಹಗಲೆಲ್ಲ ಕೊರಡಿನಂತೆ ನಿದ್ದೆ.
ನಾನು ಆರಕ್ಕೇ ಆಲೂಗೆಡ್ಡೆ ಮಂಡಿಯಲ್ಲಿ, ತೂಕದ ಚೀಟಿ ಬರೆಯಲು.
ಅತ್ತೆಗೆ ಒಂದು ಕಿವಿ ಕೇಳಿಸದು.
ಉಳಿದವಳು ಸಿಂಚನ, ಒಂಬತ್ತನೇ ಕ್ಲಾಸು.

"ಹೆಣ್ಮಗು ಇರೋ ಮನೆ, ಒಂದು ನಾಯಿ ಬೇಡ್ವಾ ಅತ್ತಿಗೆ?"
ಅಂದವನು ಪರಮೇಶಿ, ಇವರ ಚಿಕ್ಕಪ್ಪನ ಮಗ.
ಅನ್ನ ಕಲಸುತ್ತಲೇ ಜಾತಿವಾರು ಹೇಳಿದ:
ರಾಟ್‌ವೀಲರ್ ಹಿಡಿದರೆ ಬಿಡುವುದಿಲ್ಲ.
ಜರ್ಮನ್ ಶೆಫರ್ಡ್‌ಗೆ ಬುದ್ಧಿ, ಆದರೆ ಮನೆ ತುಂಬ ಕೂದಲು.
ಮುಧೋಳಕ್ಕೆ ಓಡಲು ಬಯಲು ಬೇಕು, ನಿಮ್ಮದು ಮೂವತ್ತು ನಲವತ್ತು ಸೈಟು.
ಲ್ಯಾಬ್ರಡಾರ್ ಬೇಡವೇ ಬೇಡ,
ಕಳ್ಳನಿಗೆ ಟಾರ್ಚ್ ಹಿಡಿದು ಬೀರು ತೋರಿಸುತ್ತೆ.
ನಕ್ಕೆವು. ಸಿಂಚನ ತಟ್ಟೆ ಎತ್ತಿಕೊಂಡು ಎದ್ದಳು.
ಅರ್ಧ ದುಡ್ಡು ನಂದು, ಅಂದ. ಕಾರೂ ಅವನದೇ.

ಭಾನುವಾರ, ದುದ್ದದ ರಸ್ತೆ.
ಶ್ವಾನದಳದಿಂದ ರಿಟೈರಾದ ಮಂಚೇಗೌಡರ ಅಂಗಳ,
ಜಾಲರಿಯ ಹಿಂದೆ ಹನ್ನೊಂದು ನಾಯಿ,
ಒಲೆಯ ಮೇಲೆ ರಾಗಿ ಗಂಜಿ ಕುದಿಯುವ ವಾಸನೆ.
ಪರಮೇಶಿ ಗೇಟಿನಾಚೆ ಕಾರಿನಲ್ಲೇ ಉಳಿದ, ಯಾರದೋ ಫೋನು.

ಗೌಡರು ನಾಯಿ ತೋರಿಸಲಿಲ್ಲ. ಕೇಳಿದರು:
ಮಧ್ಯಾಹ್ನ ಮನೇಲಿ ಯಾರಿರ್ತೀರಿ?
ಅನ್ನ ಹಾಕೋ ಕೈ ಯಾವುದು?
ಹಿಂದಿನ ಗೋಡೆ ಎಷ್ಟೆತ್ತರ? ಚಿರತೆ ಗಿರತೆ ಬರ್ತದಾ?
"ಯಾರಿಗೆ ಹೆದರಿ ನಾಯಿ ಸಾಕ್ತಿದ್ದೀರವ್ವ? ಅದು ಹೇಳಿ. ಜಾತಿ ಆಮೇಲೆ."

ಕಳ್ಳರಿಗೆ, ಅಂದೆ.
ಮಂಡಿಯಲ್ಲಿ ದರ ಕೂಗುವಂತೆ, ತಡವರಿಸದೆ.

ಒಂದು ಕರಿ ಮರಿ, ಹುಬ್ಬಿನ ಮೇಲೆ ಎರಡು ಕಂದು ಚುಕ್ಕೆ,
ಸಿಂಚನಳ ಚಪ್ಪಲಿಯ ಪಟ್ಟಿ ಕಚ್ಚಿ ಎಳೆಯತೊಡಗಿತು.
ಅವಳು ಕುಕ್ಕರುಗಾಲಲ್ಲಿ ಕೂತು, ಅದರ ಕಿವಿ ಮಡಿಸುತ್ತ ಬಿಡಿಸುತ್ತ,
ಯಾರ ಮುಖವನ್ನೂ ನೋಡದೆ ಕೇಳಿದಳು:
"ತಾತ, ದಿನಾ ಬರೋರಿಗೂ ಬೊಗಳೋ ಜಾತಿ ಯಾವುದು?"

ಹಂಗೆಲ್ಲ ಇರಲ್ಲ ಮಗ, ಎಂದು ನಗುತ್ತ ಶುರು ಮಾಡಿದರು ಗೌಡರು.
ಮೂರು ಸಲ ಬಂದೋರು, ಒಂದು ಬಿಸ್ಕೆಟ್ ಹಾಕಿದೋರು,
ನಾಲ್ಕನೇ ಸಲಕ್ಕೆ ಬಾಲ ಅಲ್ಲಾಡಿಸ್ತದೆ. ಯಾವ ಜಾತಿ ಆದ್ರೂ...
ಅಲ್ಲಿಗೆ ನಿಲ್ಲಿಸಿದರು.
ನಗು ಮುಖದ ಮೇಲೆಯೇ ಉಳಿದು ಆರಿತು.

ಹೊರಗೆ ಹಾರ್ನು, ಎರಡು ಸಲ, ಗೆಲುವಾಗಿ.
ಮರಿ ಕಿವಿ ನಿಮಿರಿಸಿತು.
ನಾನು ನೋಡಿದ್ದು ಮಗಳ ಹೆಗಲನ್ನು.

ಬಿಚ್ಚದ ಮೂಟೆಯೊಳಗಿನ ಒಂದು ಕೊಳೆತ ಗೆಡ್ಡೆಯನ್ನು
ಮೂಗಿನಲ್ಲೇ ಹಿಡಿಯುವವಳು ನಾನು, ಮಂಡಿಯೆಲ್ಲ ಬಲ್ಲದು.
ಅವನು ಬರುವ ಗುರುವಾರಗಳು.
ಗುರುವಾರ ಮಾತ್ರ ಒಳಚಿಲಕ ಬೀಳುವ ಕೋಣೆ.
ಟ್ಯೂಷನ್ನೆಂದು ಸುಳ್ಳು ಹೇಳಿ ಲೈಬ್ರರಿ ಮೆಟ್ಟಿಲಲ್ಲಿ ಕೂತಳೆಂದು
ನಾನು ಬೈದದ್ದು.
ಡಬ್ಬಿಯಲ್ಲಿ ಯಾರೂ ಮುಟ್ಟದೆ ಮೆತ್ತಗಾದ ಬಿಸ್ಕೆಟ್ಟು.

ಕಾರಿನ ತನಕ ನಡೆದೆ.
"ಯಾವುದು ಒಪ್ಪಿತು ಅತ್ತಿಗೆ?"
ಹಿಂದಿನ ಸೀಟಿನಿಂದ ನನ್ನ ಚೀಲ ತೆಗೆದೆ, ಅವಳ ಸ್ವೆಟರ್ ತೆಗೆದೆ.
ನೀನು ಹೋಗು, ಅಂದೆ.
ಏನೋ ಕೇಳಿದ. ಬಾಗಿಲು ಹಾಕಿದೆ.
ಹನ್ನೊಂದರಲ್ಲಿ ಒಂದು ನಾಯಿಯೂ ಬೊಗಳಲಿಲ್ಲ.

ಗೌಡರು ಒಂದೂ ಪ್ರಶ್ನೆ ಕೇಳದೆ ಗೇಟಿಗೆ ಚಿಲಕ ಹಾಕಿದರು.
"ಹನ್ನೆರಡೂ ಕಾಲಿಗೆ ಹಾಸನದ ಬಸ್ಸು ಐತೆ. ಮರಿ ಇಲ್ಲೇ ಇರ್ತದೆ, ಯಾವತ್ತಾರ ಬನ್ನಿ."

ಆಧಾರ್ ತೋರಿಸಿ ಎರಡು ಸೊನ್ನೆ ರೂಪಾಯಿ ಟಿಕೆಟ್ಟು.
ಇವರು ಮಲಗಿರುತ್ತಾರೆ. ಇವತ್ತು ಎಬ್ಬಿಸಬೇಕು.
ಏನಂತ ಶುರು ಮಾಡುವುದೋ.
ಸಿಂಚನ ಕಿತ್ತುಹೋದ ಚಪ್ಪಲಿ ಪಟ್ಟಿಗೆ
ನನ್ನ ಸೆರಗಿನ ಪಿನ್ನು ಕೇಳಿದಳು.
ಕೊಟ್ಟೆ.