ಕಂಕುಳಲ್ಲಿ ಮೂವತ್ತೇಳು

ಹೊರಗೆ ತೂಗುಬಿಡುವ ಸೆನ್ಸರು ಬರಲು
ಇನ್ನೂ ಹದಿನೈದು ದಿನ ಅಂದ ಅಂಗಡಿಯವನು.
ಬಿತ್ತನೆ ಆಲೂಗಡ್ಡೆ ಅಷ್ಟು ದಿನ ಕಾಯುವುದಿಲ್ಲ.
"ಚಿಪ್ಪಿನೊಳಗೇ ಒಂದು ಇದೆಯಲ್ಲ ಮೇಡಂ" ಅಂದಳು ರುಖಿಯಾ,
ಪೆನ್ಷನ್ ಮೊಹಲ್ಲಾದ ಹುಡುಗಿ,
ಬೆಸುಗೆ ಹಾಕುವಾಗ ನಾಲಿಗೆ ಕಚ್ಚಿಕೊಳ್ಳುವವಳು.

ಇದೆ, ನಿಜ.
ಹೆಬ್ಬೆರಳುದ್ದದ ಕರಿ ಜರಿಹುಳ, ಇಪ್ಪತ್ತೆಂಟು ಕಾಲು,
ಅದರ ಹೊಟ್ಟೆಯಲ್ಲೊಂದು ಕಾವು ತಿಳಿಯುವ ಮೂಲೆ.
ಡಿಗ್ರಿಗೊಂದು ಮಿಲಿವೋಲ್ಟು ಏರುತ್ತದೆ, ಅಷ್ಟೇ.
ಅದನ್ನು ಅಳೆಯಲು ಸಾವಿರದ ಇಪ್ಪತ್ನಾಲ್ಕು ಮೆಟ್ಟಿಲ ಏಣಿ;
ಎರಡು ಮೆಟ್ಟಿಲ ನಡುವೆ ನಿಂತದ್ದನ್ನು ಅದು ಕಾಣದು.

ಮೊದಲ ಸಲ ಕೇಳಿದಾಗ
"ಇನ್ನೂರ ತೊಂಬತ್ತೆಂಟು" ಅಂತು.
ಏನು ತೊಂಬತ್ತೆಂಟು? ಯಾವ ಲೆಕ್ಕದ್ದು?
ಹುಟ್ಟಿದ ಊರು ಹೇಳದೆ
ಮನೆ ನಂಬರು ಮಾತ್ರ ಹೇಳುವ ಮಗುವಿನ ಹಾಗೆ.

ಎರಡು ಗುರುತು ಬೇಕು ಅಂದೆ, ಒಂದು ತಣ್ಣಗೆ, ಒಂದು ಬೆಚ್ಚಗೆ.
ಬಸ್‌ಸ್ಟ್ಯಾಂಡಿನೆದುರು ಕಬ್ಬಿನ ಹಾಲಿನವನ ಹತ್ತಿರ
ಹತ್ತು ರೂಪಾಯಿ ಮಂಜುಗಡ್ಡೆ ತಂದು ಕುಟ್ಟಿ,
ಅರ್ಧ ಕರಗಿದ ಮೇಲೆ
ಹಾಲಿನ ಕವರಲ್ಲಿ ಕಟ್ಟಿದ ಬೋರ್ಡನ್ನು ಮುಳುಗಿಸಿದೆವು:
ಇನ್ನೂರ ಎಪ್ಪತ್ತೊಂದು. ಇದು ಸೊನ್ನೆ.
ಬೆಚ್ಚಗಿನದು?
ರುಖಿಯಾ ನಕ್ಕಳು. ನನ್ನ ಕಂಕುಳಲ್ಲೇ ಇಟ್ಟುಕೊಂಡೆ,
ಪಕ್ಕದಲ್ಲಿ ಜ್ವರದ ಕಡ್ಡಿ. ಮೂವತ್ತೇಳು ಅಂತು ಕಡ್ಡಿ.
ಮುನ್ನೂರ ಎಂಟು ಅಂತು ಚಿಪ್ಪು.
ಮೂವತ್ತೇಳು ಡಿಗ್ರಿಗೆ ಮೂವತ್ತೇಳು ಮೆಟ್ಟಿಲು!
ಇಪ್ಪತ್ತಾರು ವರ್ಷದ ಮೇಷ್ಟ್ರಗಿರಿಯಲ್ಲಿ
ಲೆಕ್ಕ ಇಷ್ಟು ಮರ್ಯಾದೆಯಾಗಿ ಕೂತದ್ದು ಇದೇ ಮೊದಲು.

ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯಲ್ಲಿ
ಅಂಕಿ ಒಂದೇ ಕಡೆ ನಿಲ್ಲಲಿಲ್ಲ.
ಎಪ್ಪತ್ನಾಲ್ಕು, ಎಪ್ಪತ್ತೈದು, ಮತ್ತೆ ಎಪ್ಪತ್ನಾಲ್ಕು.
"ನಡುಗ್ತಾ ಐತೆ ಪಾಪ, ಚಳಿಗೆ" ಅಂದರು ಕಾವಲಿನ ಜವರಪ್ಪ.
ಅರವತ್ನಾಲ್ಕು ಸಲ ಓದಿಸಿ ಸರಾಸರಿ ತೆಗೆಸಿದೆ:
ಮೂರೂವರೆ.
ನೆಟ್ಟಗೆ ನಿಂತಿದ್ದರೆ ಆ ಅರೆ ಸಿಗುತ್ತಲೇ ಇರಲಿಲ್ಲ.
ಮೆಟ್ಟಿಲ ನಡುವಿನದನ್ನು ತೋರಿಸಿದ್ದು ಆ ನಡುಕವೇ.

ಮರುದಿನ ಬೆಳಗ್ಗೆ ಫೋನು. ಎಂಟು ಡಿಗ್ರಿಯಂತೆ!
ಮೊಳಕೆ ಒಡೆದರೆ ಯಾರು ಹೊಣೆ ಅಂತ ಮಾಲೀಕರ ಕೂಗಾಟ.
ಜವರಪ್ಪ ಮಾತ್ರ ಮುಂಗೈಯ ಹಿಂಬದಿ ಮೂಟೆಗೆ ತಾಗಿಸಿ
"ಗಡ್ಡೆ ತಣ್ಣಗವೆ. ನಿಮ್ಮ ಹುಳಕ್ಕೇ ಜ್ವರ."

ಜ್ವರವೇ. ರುಖಿಯಾ ರಾತ್ರಿ ಏನೋ ತಿದ್ದುವಾಗ
ನಿದ್ದೆ ಮಾಡಿಸುವ ಸಾಲನ್ನು ಅಳಿಸಿಬಿಟ್ಟಿದ್ದಳು.
ಬೆಳತನಕ ಎಚ್ಚರಿದ್ದು, ಪುಟ್ಟ ದೀಪ ಉರಿಸಿಕೊಂಡು,
ತನ್ನ ಕೆಲಸದ ಕಾವಲ್ಲಿ ತಾನೇ ಬೆಂದು,
ಲೋಕಕ್ಕೆ ಬಿಸಿಯೇರಿದೆ ಅಂತ ಡಂಗುರ ಹೊಡೆದಿತ್ತು.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಬೈದೆ,
ಅವಳನ್ನೋ ಚಿಪ್ಪನ್ನೋ ನೋಡದೆ.
"ಮಲಗಿಸು. ಎಬ್ಬಿಸಿದ ತಕ್ಷಣ ಓದು,
ಅದರ ಮೈ ಕಾಯುವ ಮೊದಲು. ಮತ್ತೆ ಮಲಗಿಸು.
ಇಷ್ಟೂ ಗೊತ್ತಾಗಲ್ಲವಾ?"

ಹಾಸನದ ಜನವರಿ. ಲ್ಯಾಬಿನ ತುಂಬ ಸ್ವೆಟರು, ಮಫ್ಲರು.
ನಾನೊಬ್ಬಳು ಫ್ಯಾನ್ ಹಾಕಿ, ಕಿಟಕಿ ತೆರೆದು,
ಸೆರಗಲ್ಲಿ ಕತ್ತು ಒರೆಸಿಕೊಳ್ಳುತ್ತಾ
"ಎಷ್ಟು ಸೆಕೆ ಈ ಕೋಣೆ, ಗಾಳಿಯೇ ಇಲ್ಲ" ಅಂತಿದ್ದೆ.
ಐವತ್ತರ ಈಚೆಗೆ ಹೀಗೆಯೇ.
ನಡುರಾತ್ರಿ ಎದ್ದು ಅಡುಗೆಮನೆಯ ನೆಲದಲ್ಲಿ ಕೂರುತ್ತೇನೆ,
ಮನೆಯವರು ಹೊದಿಕೆಯೊಳಗಿಂದ ಗೊಣಗುತ್ತಾರೆ.
ಇದಕ್ಕೆ ಯಾವ ಮಂಜುಗಡ್ಡೆ, ಯಾವ ಕಂಕುಳು?

ರುಖಿಯಾ ಮೂಗು ಸೊರಗುಟ್ಟಿಸಿಕೊಂಡು ಬಂದು
ನನ್ನ ಮುಂಗೈ ಮುಟ್ಟಿದಳು, ಹಿಂಬದಿಯಿಂದ,
ಜವರಪ್ಪ ಮೂಟೆ ಮುಟ್ಟಿದ ಹಾಗೆ.
"ಸೆಕೆ ನಿಮಗೆ ಮೇಡಂ. ರೂಮಿಗಲ್ಲ."

ಹೋಗಿ ಫ್ಯಾನ್ ಆರಿಸಿದಳು.
ಕಿಟಕಿ ಮಾತ್ರ, ಅರ್ಧ ಮುಚ್ಚಿ,
ಅರ್ಧ ನನಗೆ ಬಿಟ್ಟಳು.