ಉಸುಕಿನ ದೇಶಕ್ಕ

ಕಾರ್ತೀಕದ ಚಳಿ ಕ್ಯಾಂಪಿನ ಗಿಡಗಳ ಕೆಳಗ
ಹೊತ್ತೇರಿದರೂ ಏಳವಲ್ದು.
ಮೊಣಕಾಲು ಮಾತ್ರ ನನಗಿಂತ ಮೊದಲ ಎದ್ದು
ನರಳಾಕ ಹತ್ತತಾವು.
"ಎಲ್ಲ್ಯರ ಬೆಚ್ಚಗಿರೋ ಕಡೆ
ಹತ್ತು ದಿನಾ ಹೋಗಿ ಬರ್ರಿ" ಅಂದಳು ಡಾಕ್ಟರಬಾಯಿ.
ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನ್ಯಾಗ
ನವೆಂಬರಕ್ಕ ಒಂದು ಹಳದಿ ಕಿಲ್ಲಾ.
ನಾ ಅದರ ಮ್ಯಾಲೆ ಬಟ್ಟಿಟ್ಟೆ: ಜೈಸಲಮೇರ.

ಇವರು ಚಾದ ಕಪ್ಪು ಕೆಳಗಿಟ್ಟರು.
"ಅಲ್ಲೇನೈತಿ? ಉಸುಕು."
"ಅದರಾಚೆ?"
"ಉಸುಕು."
"ಅದರಾಚೆ?"
"ಅದರಾಚೆಯವರು ಈಚೆ ಬರಬಾರದಂತ
ನಮ್ಮನ್ನ ನಿಂದ್ರಿಸಿದ್ದರು."

ಮೂರು ವರ್ಷ ಎರಡು ತಿಂಗಳು
ಇವರು ಅಲ್ಲಿ, ಪಲ್ಟನ್ನಿನ ಜೋಡಿ.
ನಾ ಇಲ್ಲಿ.
ರಜಾಕ್ಕ ಬಂದಾಗ ಹಸರು ಟ್ರಂಕು ನಾನ ತೆಗೀತಿದ್ದೆ:
ಅಂಗಿಯ ಕಿಸೆದಾಗ, ಬೂಟಿನ ಹೊಲಿಗಿಯೊಳಗ,
ಮಡಚಿದ ಕಂಬಳಿಯ ಪದರಿನ್ಯಾಗ
ಸಣ್ಣ ರವಾದಂಥಾ ಉಸುಕು.
ಕಸಬರಿಗಿ ಹಿಡದು ಗುಡಿಸತಿದ್ದೆ.
ಒಂದ ಸಲ ಗುಡಿಸಲಿಲ್ಲ.
ಖಾಲಿ ಪೌಡರ ಡಬ್ಬಿಯೊಳಗ ಒಂದು ಚಮಚೆ ಹಾಕಿ
ಮುಚ್ಚಳ ಬಿಗಿ ಮಾಡಿದೆ.
ಇವತ್ತಿನ ತನಕ ಇವರಿಗೆ ಗೊತ್ತಿಲ್ಲ.

"ನೀವು ಕಾಯ್ದ ದೇಶ
ನಾ ಗುಡಿಸಿದ್ದಷ್ಟ ನೋಡೇನಿ" ಅಂದೆ.
"ಉಳದದ್ದು ಈಗ ನೋಡತೇನಿ."

ಮಾತಾಡಲಿಲ್ಲ. ಹೊರಗ ಹೋಗಿ
ಆಗಲೇ ಒರಸಿದ ಸೈಕಲ್ ಮತ್ತ ಒರಸಿದರು.

ಸಂಜೀಕ ಒಂದು ವಹಿ ಬಂತು, ಪಟ್ಟಿ ಹಿಡದು ಗೆರಿ ಹೊಡದದ್ದು.
ಮಂದಿ: ಎರಡು.
ನೀರು: ತಲಿಗೆ ನಾಲ್ಕು ಲೀಟರ.
ಹಗಲಿಗೆ ಟೊಪಿಗಿ, ರಾತ್ರಿಗೆ ಕಂಬಳಿ.
"ಕಂಬಳಿ ಯಾಕ್ರಿ? ಬೆಚ್ಚಗಿನ ದೇಶಕ್ಕ ಹೊಂಟೇವಲ್ಲ?"
"ಹಗಲು ಕಾಸಿದ ಹಾಲಿನಂಗ ಇರತೈತಿ.
ಹೊತ್ತು ಮುಳಗಿತಂದ್ರ
ಉಸುಕಿಗೆ ಸೂರ್ಯನ ನೆನಪು ಇರೂದಿಲ್ಲ."
ನಲವತ್ತೊಂದು ವರ್ಷದಾಗ ಆ ಊರಿನ ಬಗ್ಗೆ
ಇವರ ಬಾಯಿಂದ ಬಂದ ಇಷ್ಟುದ್ದದ ಮಾತು
ಇದ ಮೊದಲು.

ನನ್ನ ಪಟ್ಟಿ ಬ್ಯಾರೆ:
ಕಿಲ್ಲಾ, ಕಲ್ಲಿನ್ಯಾಗ ಜಾಳಗಿ ಕೊರದ ಹವೇಲಿ,
ಊರ ಹೊರಗಿನ ಕೆರಿ, ಒಂಟಿ.
"ಒಂಟಿ ಉಗಳತೈತಿ" ಅಂದರು.
"ನಿಮ್ಮ ಅಕ್ಕನ ಜೋಡಿ ಹನ್ನೊಂದು ವರ್ಷ
ಬಾಳೇವು ಮಾಡೇನಿ" ಅಂದೆ.
ಒಂಟಿ ಪಟ್ಟಿಯೊಳಗ ಉಳೀತು.

ಕಟಕ ರೊಟ್ಟಿ ಐವತ್ತು. ಶೇಂಗಾದ ಹಿಂಡಿ.
ಎರಡು ಕಿಲೋ ಕುಂದಾ ಅಂತ ಇವರ ಬರದಿದ್ದರು.
ನಮ್ಮಿಬ್ಬರಿಗೂ ಸಕ್ಕರಿ ಅದಾವ, ಇದು ಯಾರಿಗೆ?
ವಹಿಯ ಕಟ್ಟಕಡೀ ಗೆರಿ ನಾ ಆಮ್ಯಾಲೆ ನೋಡಿದೆ,
ಸಣ್ಣ ಅಕ್ಷರ, ಪೆನ್ಸಿಲ್ಲಿನ್ಯಾಗ:
ಚಾದಂಗಡಿ ಹುಕುಮಸಿಂಗ. ಇದ್ದರ.

ಸ್ಟೇಷನ್ನಿನ್ಯಾಗ ಇವರು ಚಿಲ್ಲರ ತರಾಕ ಹೋಗಿದ್ದರು.
ಕಿಟಕಿ ಆಚಿ ಹುಡುಗಿ ಫಾರ್ಮು ಬೆಳಕಿಗೆ ಹಿಡದಳು:
"ಆಯಿ, ಎರಡನೇ ಹೆಸರು ಕಾಣವಲ್ದು. ಬಾಯಿಲೆ ಹೇಳ್ರಿ."
ನಾ ಎಂದೂ ಹೆಸರು ಹಿಡದಾಕಿ ಅಲ್ಲ.
ಹಿಂದ ಪಾಳೇದಾಗ ಬೋಳದಲಿ ರಿಕ್ರೂಟ ಹುಡುಗರು ನಾಲ್ಕು ಮಂದಿ,
ಬೆಲ್ಲದ ಪೆಂಟಿ ಹೊತ್ತವ ಒಬ್ಬ, ಎಲ್ಲಾರಿಗೂ ಅವಸರ.
ಮದಿವ್ಯಾಗ ಹೇಳಿದ ಒಡಪು ಮರತಿತ್ತು.
ಅಲ್ಲೇ ನಿಂತು ಹೊಸಾದು ಹೊಸದೆ:

ಕುಂದಾ ಕಟ್ಟಿಸಿಕೊಂಡ, ಕಂಬಳಿ ಮಡಚಿಕೊಂಡ,
ಉಸುಕ ನೋಡಾಕ ಹೊಂಟೇನಿ ಒಂಟಿ ಏರಿಕೊಂಡ,
ಬಾಳಪ್ಪನ ಹೆಸರ ಹೇಳತೇನಿ ಟಿಕೀಟ ಹಿಡಕೊಂಡ.

ರಿಕ್ರೂಟ ಹುಡುಗರು ಸೀಟಿ ಹೊಡದರು.
ಹುಡುಗಿ ನಕ್ಕೋತ ಎರಡೂ ಕೆಳಗಿನ ಬರ್ತು ಕೊಟ್ಟಳು.
ಇವರು ಕಂಬದ ಹಂತ್ಯಾಕ ನಿಂತಿದ್ದರು,
ಚಿಲ್ಲರ ಎಣಸಿದರು,
ಮತ್ತೊಮ್ಮೆ ಎಣಸಿದರು.

ಹುಣ್ಣಿವಿ ಮರುದಿನ ಗಾಡಿ.
ಟ್ರಂಕಿನ ಮೂಲಿಗೆ, ಸೀರಿ ಕೆಳಗ, ಆ ಡಬ್ಬಿ ಇಟ್ಟೇನಿ.
ಅಲ್ಲೇ ಚೆಲ್ಲಿ ಬರೂದೋ
ತುಂಬ ತುಂಬಿಸಿಕೊಂಡು ಬರೂದೋ
ಇನ್ನೂ ಗಟ್ಟಿ ಆಗಿಲ್ಲ.
ಒಳಗಿಂದ ಕೇಳತಾರ:
"ಮೊಣಕಾಲಿನ ಎಣ್ಣಿ ಇಟ್ಟೀಯೇನ?"
ವಹಿಯೊಳಗ ಅದರ ಮುಂದ
ಮುಂಜಾನೆನ ಖೂನ ಮಾಡ್ಯಾರ.