ಕಾಗದ ಇಲ್ಲೇ ಇದೆಯಲ್ಲ

ಹಕೊದಾತೆ ಬಂದರಿನ ಹಿಂದಿನ ಓಣಿ,
ಒಣ ಬೊಂಡಾಸದ ನನ್ನ ಅಂಗಡಿ.
ರಜೆಯ ಮನೆಗೆಲಸ ಹೊತ್ತು ಬಂದಿದ್ದಾನೆ ಮೊಮ್ಮಗ ಇತ್ಸುಕಿ:
'ಸತ್ತ ಯಂತ್ರವೊಂದರ ಬಗ್ಗೆ ಒಂದು ಪುಟ.'

ಸತ್ತಿಲ್ಲ ಮಾರಾಯ, ಎಂದೆ.
ಬೆಳಿಗ್ಗೆಯಷ್ಟೇ ಎರಡು ಆರ್ಡರ್ ಬಂದಿವೆ.

ಒಂಬತ್ತು ವರ್ಷದವನು,
ಫ್ಯಾಕ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಅದರ ಪುಟ್ಟ ಪರದೆಯನ್ನು ಬೆರಳಿಂದ ಎಡಕ್ಕೆ ತಳ್ಳಿದ.
ಅಲ್ಲಾಡಲಿಲ್ಲ ಅದು.
'ಕೋಪಾನಾ ಇದಕ್ಕೆ?'

ತೋರಿಸಿಕೊಡು ಅಂದ. ತೋರಿಸಿದೆ.
ಪುಟ ಇಟ್ಟೆ, ನಂಬರ್ ಒತ್ತಿದೆ.
ಗಂಟಲು ಕೆರೆದು, ಕೀರಲು ದನಿಯಲ್ಲಿ ಯಾರನ್ನೋ ಕೂಗಿ,
ಆಚೆಯವರು ಓಗೊಟ್ಟ ಮೇಲೆ
ಪುಟವನ್ನು ಮೆಲ್ಲಗೆ ನುಂಗಿ
ಕೆಳಗಿನಿಂದ ಹಾಗೇ ಉಗುಳಿತು.

ಎತ್ತಿಕೊಂಡ, ಹಿಂದೆ ಮುಂದೆ ತಿರುಗಿಸಿ ನೋಡಿದ.
'ಅಜ್ಜೀ, ಕಾಗದ ಇಲ್ಲೇ ಇದೆಯಲ್ಲ!
ಮತ್ತೆ ಹೋದದ್ದು ಏನು?'

ಮೂವತ್ತನಾಲ್ಕು ವರ್ಷ ಕಳಿಸಿದ್ದೇನೆ ನಾನು,
ಬೆಲೆಪಟ್ಟಿ, ಬಾಕಿ ಲೆಕ್ಕ, ಹೊಸ ವರ್ಷದ ಶುಭಾಶಯ,
ಒಮ್ಮೆ ಒಂದು ಜಗಳ ಕೂಡ.
ಹೋದದ್ದು ಏನೆಂದು ಯಾರೂ ಕೇಳಿರಲಿಲ್ಲ.
ಉತ್ತರ ಬಾಯಿಗೆ ಬರಲಿಲ್ಲ.
ಚಹಾಕ್ಕೆ ನೀರಿಟ್ಟೆ.

ಅಷ್ಟರಲ್ಲಿ ಅದೇ ಕೂಗಿತು.
ಬೆಟ್ಟದ ಮೇಲಿನ ವಸತಿಗೃಹದ ತೊಕುಮಾರು,
ಎಂಬತ್ತೆಂಟು ವಯಸ್ಸು, ಗುರುವಾರ ತಪ್ಪಿಸದವರು:
ಆರು ಕಟ್ಟು. ದಪ್ಪದ್ದು ಬೇಡ, ಹಲ್ಲಿಲ್ಲ.
ಕೆಳಗೊಂದು ಮೊಣಕಾಲಿನ ಚಿತ್ರ,
ಅದಕ್ಕೆ ಬಾಣದ ಗುರುತು: ಇವತ್ತು ಎಡ.

ಹುಡುಗ ಪುಟವನ್ನು ಕೆನ್ನೆಗೆ ಒತ್ತಿಕೊಂಡ.
'ಬೆಚ್ಚಗಿದೆ. ಅವರ ಕೈಯದ್ದಾ?'
ಹೂಂ ಅಂದೆ.
ಯಂತ್ರದ ಬಿಸಿ ಅದು. ಇರಲಿ,
ಹಾಗೇ ಬರೆದುಕೊಳ್ಳಲಿ.

ಚಹಾ ತರುವಷ್ಟರಲ್ಲಿ ಕೆಳಗಿನ ಖಾನೆ ಎಳೆದಿದ್ದ.
'ಖಾಲಿ ಹಾಳೆ ಯಾಕೆ ಪ್ಲಾಸ್ಟಿಕ್ಕಿನಲ್ಲಿ?'

ಖಾಲಿಯಲ್ಲ ಅದು.
ಕುಶಿರೊದಿಂದ ನಿನ್ನಜ್ಜ ಕಳಿಸಿದ್ದು:
ಹಿಮ. ರೈಲಿಲ್ಲ. ನಾಳೆ ಬರ್ತೀನಿ. ಬೆಕ್ಕಿಗೆ ಹಾಕು.
ನಾಳೆ ಬಂದರು. ಆಮೇಲೆ ಹನ್ನೊಂದು ವರ್ಷ ಇದ್ದರು.
ಅವರು ಹೋದ ಮೇಲೆ ಅಕ್ಷರಗಳೂ ಹೊರಟವು,
ಹಿಮ ಮೊದಲು, ಆಮೇಲೆ ರೈಲು,
ನಾಳೆ ಯಾವಾಗ ಹೋಯಿತೋ ನೋಡಲಿಲ್ಲ.
ಬೆಕ್ಕು ಬಹಳ ದಿನ ಉಳಿದಿತ್ತು.

ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ.
ಅವನ ಲೋಕದಲ್ಲಿ ಅಳಿಸಿದ್ದು
ಮೂವತ್ತು ದಿನ ಬುಟ್ಟಿಯಲ್ಲಿರುತ್ತದೆ,
ಬೇಕೆಂದರೆ ವಾಪಸ್.
'ಇದರ ಕಸದಬುಟ್ಟಿ ಎಲ್ಲಿ?'

ಒಳಗಿಡುವಾಗ ಉಗುರು ತಗುಲಿತು.
ಒಂದು ಕಪ್ಪು ಗೀರು.

ಬೆಚ್ಚಿ ನನ್ನ ಮುಖ ನೋಡಿದ, ಬೈಗುಳಕ್ಕೆ ಕಾದು.
ಬೈಯಲಿಲ್ಲ ನಾನು.
ಇನ್ನೊಂದು ಎಳೆದ, ಮೂಲೆಯಲ್ಲಿ, ಹೆದರಿ ಹೆದರಿ.
ಮತ್ತೊಂದು.
ಕಿವಿ ಎರಡು. ಮೀಸೆ. ಬಾಲ ಹಾಳೆಯಾಚೆ ಹೋಯಿತು.

'ಅವತ್ತು ಹಾಕಿದ್ಯಾ ಇದಕ್ಕೆ?'

ಹಾಕಿದ್ದೆನೋ ಇಲ್ಲವೋ, ನೆನಪಿಲ್ಲ.
ಆರು ಕಟ್ಟು ತೂಗಬೇಕು ಇನ್ನು,
ದಪ್ಪದ್ದು ಬೇಡ.